ಡಬ್ಬಿ ಖಾಲಿ ಬಂದರೆ ಊಟ ಆಗಿದೆ ಅಂತಲ್ಲ: ಈಟಿಂಗ್ ಡಿಸಾರ್ಡರ್‌ನ ಮರೆಯ ಸುಳಿವುಗಳನ್ನು ಗುರುತಿಸುವುದು ಹೇಗೆ?

"ನಮ್ಮ ಹುಡುಗಿ ಸರಿಯಾಗಿ ಊಟ ಮಾಡುತ್ತಿಲ್ಲ. ಇದು ವಯಸ್ಸಿನ ಹಟವಾ, ಕಾಯಿಲೆಯಾ?" ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ನನಗೆ ಬರುತ್ತಲೇ ಇರುತ್ತದೆ. ಕೇಳುವವರು ಹೆಚ್ಚಾಗಿ ಅಮ್ಮಂದಿರು. ಕೆಲವೊಮ್ಮೆ ಹಾಸ್ಟೆಲ್ ರೂಮ್‌ಮೇಟ್, ಅಪರೂಪಕ್ಕೆ ಅಣ್ಣ. ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಮ್ಮ ಮನೆಗಳಲ್ಲಿ ಈ ಕಾಯಿಲೆ ಅಡಗಿಕೊಳ್ಳುವುದು ಒಳ್ಳೆಯ ಅಭ್ಯಾಸಗಳ ಹಿಂದೆ. ಉಪವಾಸ, ಡಯೆಟ್, ವಾಕಿಂಗ್, ಪರೀಕ್ಷೆಯ ಓದು. ಇವನ್ನು ನೋಡಿ ಯಾರಾದರೂ ಬೈಯುತ್ತಾರಾ? ಹೊಗಳುತ್ತಾರೆ. ಹಾಗಾಗಿ ಮನೆಯವರಿಗೆ ಅನುಮಾನ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ.

ಮೊದಲು ನಾಲ್ಕು ಹೆಸರು

ಪುಸ್ತಕದ ಕನ್ನಡದಲ್ಲಿ ಇದಕ್ಕೆ ‘ಆಹಾರ ಸೇವನೆಯ ಅಸ್ವಸ್ಥತೆ’ ಅನ್ನುತ್ತಾರೆ. ನಾನು ಇಲ್ಲಿ ಸುಮ್ನೆ ‘ಊಟದ ಕಾಯಿಲೆ’ ಅನ್ನುತ್ತೇನೆ. ಡಾಕ್ಟರ ಚೀಟಿಯಲ್ಲಿ ಕಾಣಿಸುವ ಹೆಸರುಗಳು ಇವು.

ಅನೊರೆಕ್ಸಿಯಾ ನರ್ವೋಸಾ ಅಂದರೆ ಮೈಗೆ ಬೇಕಾದಷ್ಟು ತಿನ್ನದೆ, ತಿಂದರೆ ಏನೋ ಆಗಿಬಿಡುತ್ತದೆ ಎಂಬ ಭಯದಲ್ಲಿ ದಿನ ದೂಡುವುದು. ಬುಲಿಮಿಯಾ ನರ್ವೋಸಾದಲ್ಲಿ ಹಿಡಿತ ತಪ್ಪಿ ಒಮ್ಮೆಗೇ ಜಾಸ್ತಿ ತಿಂದು, ಆಮೇಲೆ ವಾಂತಿ, ಭೇದಿ ಮಾತ್ರೆ, ಉಪವಾಸ ಅಥವಾ ಅತಿಯಾದ ವ್ಯಾಯಾಮದಿಂದ ಅದನ್ನು ‘ತೀರಿಸಲು’ ನೋಡುತ್ತಾರೆ. ಬಿಂಜ್ ಈಟಿಂಗ್‌ನಲ್ಲಿ ಹಿಡಿತ ತಪ್ಪಿ ತಿನ್ನುವುದಿದೆ, ತೀರಿಸುವುದಿಲ್ಲ. ನಾಚಿಕೆ ಮಾತ್ರ ಉಳಿಯುತ್ತದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಕಾಯಿಲೆಯ ಸ್ಥಾನ ಸಿಕ್ಕಿತು. ಅಲ್ಲಿಯವರೆಗೆ ಇದು ‘ಬಾಯಿ ಚಪಲ’ವೇ ಆಗಿತ್ತು. ನಾಲ್ಕನೆಯದು ಎಆರ್‌ಎಫ್‌ಐಡಿ. ಇದರಲ್ಲಿ ದಪ್ಪಗಾಗುವ ಭಯವಿಲ್ಲ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ವಾಸನೆ ಆಗುವುದಿಲ್ಲ, ಮೆತ್ತಗಿದ್ದರೆ ವಾಕರಿಕೆ ಬರುತ್ತದೆ ಅಂತ ಒಂದೊಂದೇ ಪದಾರ್ಥ ಬಿಡುತ್ತಾ ಕೊನೆಗೆ ಮೊಸರನ್ನ, ಚಿಪ್ಸ್‌ಗೆ ಬಂದು ನಿಲ್ಲುತ್ತಾರೆ.

ಯಾವುದು ಅಂತ ತೀರ್ಮಾನಿಸುವ ಕೆಲಸ ನಿಮ್ಮದಲ್ಲ. ಏನೋ ಸರಿಯಿಲ್ಲ ಎಂಬುದನ್ನು ಬೇಗ ಗುರುತಿಸುವುದು ನಿಮ್ಮ ಕೆಲಸ. ಅದಕ್ಕೆ ಬೇಕಾದ್ದು ಒಂದು ಚಿಕ್ಕ ನೋಟ್‌ಬುಕ್, ಎರಡು ವಾರದ ತಾಳ್ಮೆ. (9ನೇ ಹಂತದಲ್ಲಿ ಬರೆದಿರುವ ಅಪಾಯದ ಲಕ್ಷಣ ಯಾವುದಾದರೂ ಈಗಲೇ ಇದ್ದರೆ ಎರಡು ವಾರ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ.)

1. ತೂಕದ ಮೆಷಿನ್ ಬದಿಗಿಡಿ

ಎಲ್ಲರೂ ಎಡವುವುದು ಇಲ್ಲೇ. ‘ನರಪೇತಲ ಆಗಿದ್ದರೆ ಮಾತ್ರ ಕಾಯಿಲೆ’ ಅಂದುಕೊಂಡಿರುತ್ತಾರೆ. ಬುಲಿಮಿಯಾ ಇರುವ ಹೆಚ್ಚಿನವರ ತೂಕ ನೋಡಲು ಸರಿಯಾಗೇ ಇರುತ್ತದೆ. ಬಿಂಜ್ ಈಟಿಂಗ್ ಇರುವವರು ದಪ್ಪಗಿರಬಹುದು. ಇನ್ನು, ಮೊದಲು ದುಂಡಗಿದ್ದ ಹುಡುಗಿ ಕೆಲವೇ ತಿಂಗಳಲ್ಲಿ ತುಂಬಾ ಇಳಿದರೆ, ಚಾರ್ಟಿನ ಪ್ರಕಾರ ತೂಕ ‘ನಾರ್ಮಲ್’ ಇದ್ದರೂ ಮೈಯೊಳಗೆ ಅನೊರೆಕ್ಸಿಯಾದಷ್ಟೇ ಹಾನಿ ಆಗುತ್ತಿರಬಹುದು. ಅಂಥ ಹುಡುಗಿಗೆ ಮದುವೆಮನೆಯಲ್ಲಿ ಏನು ಸಿಗುತ್ತದೆ ಹೇಳಿ? "ಎಷ್ಟು ಚೆನ್ನಾಗಿ ಇಳಿದಿದೀಯಾ!" ಕಾಯಿಲೆಗೆ ಇದಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲ.

ಹಾಗಾಗಿ ಮಗಳನ್ನು ದಿನಾ ತೂಕಕ್ಕೆ ನಿಲ್ಲಿಸಬೇಡಿ. ಬೆಳೆಯುವ ವಯಸ್ಸಿನ ಮಕ್ಕಳಾದರೆ ಒಂದು ವಿಷಯ ನೆನಪಿಡಿ: ತೂಕ ಇಳಿಯಲೇಬೇಕೆಂದಿಲ್ಲ. ಎತ್ತರ ಏರುತ್ತಾ ತೂಕ ನಿಂತಲ್ಲೇ ನಿಂತಿದ್ದರೂ ಅದು ಸುಳಿವೇ.

2. ಊಟದ ಹೊತ್ತಲ್ಲಿ ಸುಮ್ನೆ ನೋಡಿ

ಒಟ್ಟಿಗೆ ಊಟಕ್ಕೆ ಕೂತುಕೊಳ್ಳಿ. ಏನೂ ಹೇಳಬೇಡಿ. ಕೈ ಏನು ಮಾಡುತ್ತಿದೆ ನೋಡಿ.

ಚಪಾತಿಯನ್ನು ಉಗುರಿನಷ್ಟು ಚೂರು ಮಾಡಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುವುದು. ಅನ್ನವನ್ನು ತಟ್ಟೆ ತುಂಬಾ ಹರಡುವುದು, ನೋಡಿದವರಿಗೆ ಅರ್ಧ ತಿಂದಂತೆ ಕಾಣಲಿ ಅಂತ. ಪಲ್ಯದ ಒಗ್ಗರಣೆಯ ಎಣ್ಣೆಯನ್ನು ಅಂಚಿಗೆ ಒತ್ತಿ ಬಿಡುವುದು. ತುಪ್ಪ ಹಾಕಿದರೆ ಬೆಚ್ಚಿಬೀಳುವುದು. ತುತ್ತಿಗೊಂದು ಗುಟುಕು ನೀರು. ನಲವತ್ತು ನಿಮಿಷವಾದರೂ ಮುಗಿಯದ ಒಂದು ಇಡ್ಲಿ. ದಿನಾ ಅದೇ ತಟ್ಟೆ, ಅದೇ ಚಮಚ, ಅದೇ ಹೊತ್ತು. ಐದು ನಿಮಿಷ ಆಚೀಚೆ ಆದರೂ ಅಳು.

ಇವು ನಖರಾ ಅಲ್ಲ. 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದ. 36 ಆರೋಗ್ಯವಂತ ಗಂಡಸರು ತಾವಾಗಿಯೇ ಒಪ್ಪಿ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದರು. ತೆಳ್ಳಗಾಗುವ ಹುಚ್ಚು ಅವರಿಗೆ ಇರಲಿಲ್ಲ. ಆದರೂ ಊಟವನ್ನು ಎಳೆದೆಳೆದು ತಿನ್ನತೊಡಗಿದರು, ವಿಚಿತ್ರವಾಗಿ ಕಲಸಿಕೊಂಡರು, ಅಡುಗೆ ಪುಸ್ತಕ ಕೂಡಿಟ್ಟು ಓದಿದರು, ಮಂಕಾದರು, ಸಿಡುಕಿದರು, ಜನರಿಂದ ದೂರವಾದರು. ಅಂದರೆ ಹಸಿದ ಮಿದುಳು ಯಾರದ್ದಾದರೂ ಹೀಗೇ ಆಡುತ್ತದೆ.

ಅಡುಗೆ ಪುಸ್ತಕದ ಮಾತು ಬಂತಲ್ವಾ? ಇದು ಅಮ್ಮಂದಿರನ್ನು ತುಂಬಾ ಮೋಸಗೊಳಿಸುವ ಸುಳಿವು. ಹುಡುಗಿ ಇದ್ದಕ್ಕಿದ್ದಂತೆ ಕೇಕ್, ಪಾಯಸ, ಹೋಳಿಗೆ ಮಾಡಿ ಮನೆಯವರಿಗೆಲ್ಲ ಬಲವಂತ ಮಾಡಿ ಬಡಿಸುತ್ತಾಳೆ. ತಾನು ರುಚಿಯನ್ನೂ ನೋಡುವುದಿಲ್ಲ. ಮೊಬೈಲ್ ತುಂಬಾ ಅಡುಗೆ ವಿಡಿಯೋ. "ಊಟದ ಮೇಲೆ ಇಷ್ಟು ಆಸಕ್ತಿ ಇರೋಳಿಗೆ ಕಾಯಿಲೆ ಹೇಗೆ ಬರುತ್ತೆ?" ಅಂತ ಕೇಳುತ್ತಾರೆ. ಆ ಆಸಕ್ತಿಯೇ ಹಸಿವು.

ಡಬ್ಬಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಒಬ್ಬ ಅಮ್ಮನಿಗೆ ಮಗಳ ಟಿಫನ್ ಡಬ್ಬಿ ದಿನಾ ತೊಳೆದೇ ಬರುತ್ತದೆ ಅಂತ ಹೆಮ್ಮೆ. ಒಂದು ಭಾನುವಾರ ಬ್ಯಾಗ್ ಒಗೆಯಲು ತೆಗೆದರೆ ಪಕ್ಕದ ಜೇಬಿನಲ್ಲಿ ಟಿಶ್ಯೂ ಪೇಪರ್ ಸುತ್ತಿದ ಚಪಾತಿ, ಒಣಗಿ ಹಪ್ಪಳದಂತಾಗಿತ್ತು. ಖಾಲಿ ಡಬ್ಬಿಗಿಂತ ತೊಳೆದ ಡಬ್ಬಿ ಹೆಚ್ಚು ಅನುಮಾನ ಹುಟ್ಟಿಸಬೇಕು. ಹದಿನಾರರ ಮಕ್ಕಳು ಕೇಳದೆ ಡಬ್ಬಿ ತೊಳೆಯುವುದು ಎಷ್ಟು ಮನೆಗಳಲ್ಲಿ ನೋಡಿದ್ದೀರಿ?

3. ನೆಪಗಳನ್ನು ಬರೆದಿಡಿ

ಒಂದೊಂದೇ ನೆಪ ಕೇಳಿದಾಗ ಸರಿಯಾಗೇ ಇರುತ್ತದೆ. ಎರಡು ವಾರದ್ದು ಒಂದೇ ಪುಟದಲ್ಲಿ ಬರೆದಾಗಲೇ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಜಾಸ್ತಿ ಕೇಳಿಬರುವುದು ಇವು:

"ಕಾಲೇಜಲ್ಲೇ ತಿಂದೆ." ಕಾಲೇಜಲ್ಲಿ "ಮನೇಲಿ ತಿಂದು ಬಂದೆ." ಎರಡೂ ಕಡೆಯವರು ಒಮ್ಮೆ ಮಾತಾಡಿಕೊಂಡರೆ ಸಾಕು. ಪಿಜಿಯಲ್ಲಿ ಇರುವವರಾದರೆ ಮೆಸ್‌ನಲ್ಲಿ ಇವರನ್ನು ಯಾರೂ ಕಂಡೇ ಇರುವುದಿಲ್ಲ.

"ಗ್ಯಾಸ್ಟ್ರಿಕ್." ಇದು ನಮ್ಮ ನಾಡಿನ ಅತಿ ಜನಪ್ರಿಯ ನೆಪ. ಮೊಸರು ಆಗಲ್ಲ, ಬೇಳೆ ಆಗಲ್ಲ, ರಾತ್ರಿ ಅನ್ನ ಆಗಲ್ಲ. ಕಷ್ಟ ಏನೆಂದರೆ ಇದು ಸುಳ್ಳೂ ಅಲ್ಲ. ತಿಂಗಳುಗಟ್ಟಲೆ ಕಡಿಮೆ ತಿಂದರೆ ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ, ನಾಲ್ಕು ತುತ್ತಿಗೇ ಉಬ್ಬರಿಸುತ್ತದೆ. ಎಂಡೋಸ್ಕೋಪಿ ಮಾಡಿಸಿ, ಮಾತ್ರೆ ಮೇಲೆ ಮಾತ್ರೆ ನುಂಗಿ, ಮೂಲ ಕಾರಣ ಹಾಗೇ ಉಳಿಯುತ್ತದೆ. 1990ರ ದಶಕದಲ್ಲಿ ಹಾಂಕಾಂಗ್‌ನ ಮನೋವೈದ್ಯ ಸಿಂಗ್ ಲೀ ಇದನ್ನೇ ಬರೆದರು: ಅವರ ಅನೊರೆಕ್ಸಿಯಾ ರೋಗಿಗಳಲ್ಲಿ ಅನೇಕರು ‘ನಾನು ದಪ್ಪ’ ಅನ್ನುತ್ತಲೇ ಇರಲಿಲ್ಲ, ಹೊಟ್ಟೆ ಉಬ್ಬರ, ಹಸಿವಿಲ್ಲ ಅನ್ನುತ್ತಿದ್ದರು. ಹಾಗಾಗಿ "ನಮ್ಮವಳು ಕನ್ನಡಿ ಮುಂದೆ ನಿಲ್ಲೋಳೇ ಅಲ್ಲ" ಎಂಬ ಸಮಾಧಾನ ಬೇಡ.

"ಪಿಸಿಒಡಿ ಇದೆ, ಡಾಕ್ಟರ್ ತೂಕ ಇಳಿಸು ಅಂದಿದ್ದಾರೆ." ಪಿಸಿಒಡಿ ಅಂದರೆ ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ. ಇಲ್ಲಿ ಎರಡು ಬಲೆ. ನಿಜವಾಗಿ ಪಿಸಿಒಡಿ ಇದ್ದವಳಿಗೆ ಆ ಸಲಹೆಯೇ ಅತಿರೇಕಕ್ಕೆ ಹೋಗಬಹುದು. ಇನ್ನೊಂದು, ಊಟ ಕಡಿಮೆಯಾಗಿ ಮುಟ್ಟು ನಿಂತವಳಿಗೇ ‘ಪಿಸಿಒಡಿ ಇರಬೇಕು’ ಅಂತ ಹೇಳಿ ಮತ್ತೆ ಡಯೆಟ್ ಕೊಟ್ಟುಬಿಡುವುದು. ಮುಟ್ಟು ನಿಂತ ವಿಷಯ ಡಾಕ್ಟರಿಗೆ ಹೇಳುವಾಗ ಊಟದ ವಿಷಯವನ್ನೂ ಜೊತೆಗೇ ಹೇಳಿ.

ಇನ್ನು ವ್ರತ. ಇಲ್ಲಿ ಸ್ವಲ್ಪ ಹುಷಾರು. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ ಭಾರತದ ಶಾಲಾ ಹುಡುಗಿಯರಿಗೆ ಪಶ್ಚಿಮದಲ್ಲಿ ತಯಾರಾದ ಪ್ರಶ್ನಾವಳಿ ಕೊಟ್ಟಾಗ, ಹಬ್ಬದ ಉಪವಾಸವೂ ಕಾಯಿಲೆಯ ಲಕ್ಷಣವೆಂಬಂತೆ ಅಂಕ ತಂದುಕೊಟ್ಟಿತ್ತು. ವ್ರತ ಮಾಡುವವರೆಲ್ಲ ರೋಗಿಗಳಲ್ಲ. ವ್ಯತ್ಯಾಸ ತಿಳಿಯಲು ವ್ರತ ಮುಗಿಯುವ ಗಳಿಗೆ ನೋಡಿ. ಸಂಕಷ್ಟಿ ಮಾಡುವ ಅಜ್ಜಿ ಸಂಜೆಯಿಂದಲೇ ಚಂದ್ರ ಯಾವಾಗ ಹುಟ್ಟುತ್ತಾನೆ ಅಂತ ಕ್ಯಾಲೆಂಡರ್ ನೋಡುತ್ತಾರೆ, ನೈವೇದ್ಯ ಆದ ಕೂಡಲೇ ಖುಷಿಯಿಂದ ಊಟಕ್ಕೆ ಕೂರುತ್ತಾರೆ. ಕಾಯಿಲೆಯ ಉಪವಾಸಕ್ಕೆ ಚಂದ್ರೋದಯ ಇಲ್ಲ. ಚಂದ್ರ ಮೇಲೆ ಬಂದರೂ "ಈಗ ಹಸಿವೇ ಹೋಯ್ತಮ್ಮಾ, ಒಂದು ಲೋಟ ಮಜ್ಜಿಗೆ ಸಾಕು." ಸೋಮವಾರಕ್ಕೆ ಗುರುವಾರ ಸೇರುತ್ತದೆ, ಗುರುವಾರಕ್ಕೆ ಶನಿವಾರ. ಶ್ರಾವಣ ಮುಗಿದರೂ ಒಪ್ಪೊತ್ತು ಮುಗಿಯುವುದಿಲ್ಲ. ಅವಲಕ್ಕಿ, ಸಬ್ಬಕ್ಕಿ ಇಟ್ಟರೂ "ಅದೂ ಬೇಡ". ದೇವರ ಮೇಲೆ ಅಷ್ಟೇನೂ ಭಕ್ತಿ ಇಲ್ಲದವರು ದಿಢೀರನೆ ವ್ರತ ಹಿಡಿದರೂ ಬರೆದಿಡಿ.

4. ಊಟ ಆದ ಮೇಲಿನ ಅರ್ಧ ಗಂಟೆ

ಕೈ ತೊಳೆದವರು ನೇರ ಬಾತ್‌ರೂಮಿಗೆ ಹೋಗುತ್ತಾರಾ? ಪ್ರತಿ ಊಟದ ನಂತರವೂ? ನಲ್ಲಿ ಜೋರಾಗಿ ಬಿಟ್ಟಿರುತ್ತಾರಾ? ರೂಮ್ ಫ್ರೆಶ್‌ನರ್ ಇದ್ದಕ್ಕಿದ್ದಂತೆ ಬೇಗ ಖಾಲಿಯಾಗುತ್ತಿದೆಯಾ? ಅಥವಾ ಊಟ ಮುಗಿದ ತಕ್ಷಣ ಟೆರೇಸ್‌ನಲ್ಲಿ ಒಂದು ಗಂಟೆ ನಡಿಗೆ, ಮಳೆ ಬರಲಿ, ಜ್ವರ ಬರಲಿ?

ಹಿಡಿತ ತಪ್ಪಿ ತಿನ್ನುವವರ ಸುಳಿವು ಬೇರೆ ಥರ. ಎಲ್ಲರೆದುರು ಸ್ವಲ್ಪವೇ ತಿನ್ನುತ್ತಾರೆ. ಬೆಳಿಗ್ಗೆ ನೋಡಿದರೆ ಬಿಸ್ಕತ್ ಡಬ್ಬ ಖಾಲಿ, ಹಬ್ಬಕ್ಕೆ ಮಾಡಿಟ್ಟ ಚಕ್ಕುಲಿ ಕಾಣೆ, ಮಂಚದ ಕೆಳಗೆ ರ‍್ಯಾಪರ್. ದುಡ್ಡು ಎಲ್ಲಿ ಹೋಗುತ್ತಿದೆ ಗೊತ್ತಾಗುವುದಿಲ್ಲ. ಫುಡ್ ಡೆಲಿವರಿ ಆ್ಯಪ್ ನೋಡಿದರೆ ಗೊತ್ತಾಗುತ್ತದೆ. ಇದನ್ನು ನೋಡಿ ನಗುವುದು, ‘ಕಳ್ಳಬೆಕ್ಕು’ ಅಂತ ಹೆಸರಿಡುವುದು ನಮ್ಮ ಕೆಟ್ಟ ಚಾಳಿ. ಆ ನಗು ಅವರನ್ನು ಇನ್ನಷ್ಟು ಒಳಗೆ ತಳ್ಳುತ್ತದೆ.

ಬಾತ್‌ರೂಮ್ ಬಾಗಿಲಿಗೆ ಕಿವಿಕೊಡುವುದು, ಬ್ಯಾಗ್ ಜಾಲಾಡುವುದು ಮಾತ್ರ ಬೇಡ. ಸಿಕ್ಕಿಬಿದ್ದವರು ಒಪ್ಪಿಕೊಳ್ಳುವುದಿಲ್ಲ, ಇನ್ನೂ ಚೆನ್ನಾಗಿ ಬಚ್ಚಿಡಲು ಕಲಿಯುತ್ತಾರೆ.

5. ಮೈ ಏನು ಹೇಳುತ್ತಿದೆ?

ಮೇ ತಿಂಗಳಲ್ಲೂ ಸ್ವೆಟರ್. ತಣ್ಣಗಿನ, ನೀಲಿಗಟ್ಟಿದ ಬೆರಳು. ಎದ್ದು ನಿಂತರೆ ತಲೆಸುತ್ತು. ಬಾಚಣಿಗೆ ತುಂಬಾ ಕೂದಲು, ಆದರೆ ಬೆನ್ನು, ಕೈಗಳ ಮೇಲೆ ಎಳೆಕೂಸಿನ ಮೈಯಲ್ಲಿರುವಂಥ ನವಿರು ರೋಮ. ಇದನ್ನು ವೈದ್ಯರು ಲನೂಗೋ ಅನ್ನುತ್ತಾರೆ.

ಪದೇ ಪದೇ ವಾಂತಿ ಮಾಡುವವರಲ್ಲಿ ಕಿವಿಯ ಕೆಳಗೆ, ದವಡೆಯ ಹತ್ತಿರ ಜೊಲ್ಲಿನ ಗ್ರಂಥಿ ಊದಿಕೊಂಡು ಮುಖ ದುಂಡಗೆ ಕಾಣಬಹುದು. ಮನೆಯವರು "ಈಗ ಮುಖ ತುಂಬಿಕೊಂಡಿದೆ" ಅಂತ ಸಂತೋಷಪಡುತ್ತಾರೆ! ಮೇಲಿನ ಮುಂಭಾಗದ ಹಲ್ಲುಗಳ ಒಳಮೈ ಸವೆಯುತ್ತದೆ, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಮನೆಯವರಿಗಿಂತ ಮೊದಲು ಹಲ್ಲಿನ ಡಾಕ್ಟರಿಗೇ ಅನುಮಾನ ಬರುವುದುಂಟು. ಕೈಯ ಗೆಣ್ಣುಗಳ ಮೇಲೆ ಗಾಯ ಅಥವಾ ಗಡುಸಾದ ಗುರುತು ಇದ್ದರೆ ಅದಕ್ಕೂ ಒಂದು ಹೆಸರಿದೆ, ರಸೆಲ್ಸ್ ಸೈನ್. 1979ರಲ್ಲಿ ಬುಲಿಮಿಯಾವನ್ನು ಮೊದಲು ವಿವರಿಸಿದ ಬ್ರಿಟಿಷ್ ಮನೋವೈದ್ಯ ಜೆರಾಲ್ಡ್ ರಸೆಲ್ ಅವರ ಹೆಸರು.

ಈ ಯಾವುದೂ ಇಲ್ಲದೆಯೂ ಕಾಯಿಲೆ ಇರಬಹುದು. ಮೈಯ ಸುಳಿವುಗಳು ಬರುವುದು ಸಾಮಾನ್ಯವಾಗಿ ತಡವಾಗಿ.

6. ನಾವು ನೋಡದೇ ಬಿಡುವವರು

ಹುಡುಗರು. ಇವರಲ್ಲಿ ಎಷ್ಟೋ ಜನರಿಗೆ ತೆಳ್ಳಗಾಗುವ ಆಸೆಯೇ ಇಲ್ಲ, ‘ಕಟ್ಸ್’ ಬರಬೇಕು, ಅಂದರೆ ಮಾಂಸಖಂಡದ ಗೆರೆಗಳು ಎದ್ದು ಕಾಣಬೇಕು. ಕುದಿಸಿದ ಮೊಟ್ಟೆ, ಕೋಳಿ, ಪ್ರೋಟೀನ್ ಪುಡಿ ಬಿಟ್ಟು ಮನೆಯ ಸಾರು ಮುಟ್ಟದಿರುವುದು, ಜಿಮ್ ಒಂದು ದಿನ ತಪ್ಪಿದರೆ ಕುದಿಯುವುದು, ನೆಂಟರ ಮದುವೆಗೂ ಡಬ್ಬಿ ಹೊತ್ತು ಹೋಗುವುದು. ಇದು ಶಿಸ್ತಿನ ಗೆರೆ ದಾಟಿದ ಲಕ್ಷಣ.

ಟೈಪ್ 1 ಡಯಾಬಿಟೀಸ್ ಇರುವ ಮಕ್ಕಳು. ಸಕ್ಕರೆ ಕಾರಣವಿಲ್ಲದೆ ಏರುತ್ತಲೇ ಇದ್ದು, ಇಂಜೆಕ್ಷನ್ ಯಾರೆದುರೂ ತೆಗೆದುಕೊಳ್ಳದಿದ್ದರೆ ಅವರ ಡಾಕ್ಟರಿಗೆ ಕೂಡಲೇ ತಿಳಿಸಿ. ಇನ್ಸುಲಿನ್ ತಪ್ಪುವುದು ಜೀವಕ್ಕೇ ಅಪಾಯ.

ಮದುವೆ ಗೊತ್ತಾದ ಹುಡುಗಿಯರು, ಹೆರಿಗೆಯಾದ ತಾಯಂದಿರು, ಭರತನಾಟ್ಯ, ಅಥ್ಲೆಟಿಕ್ಸ್ ಮಾಡುವವರು. ನಲವತ್ತು ದಾಟಿದ ಹೆಂಗಸರೂ. ‘ಎಲ್ಲರದ್ದೂ ಆದ ಮೇಲೆ ತಿಂತೀನಿ’ ಅನ್ನುವ ಅಮ್ಮ ನಿಜವಾಗಿ ತಿಂದಳಾ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ.

7. ಐದು ಪ್ರಶ್ನೆ

ಲಂಡನ್ನಿನ ವೈದ್ಯರು 1999ರಲ್ಲಿ ಸ್ಕಾಫ್ ಎಂಬ ಪುಟ್ಟ ಪ್ರಶ್ನಾವಳಿ ಮಾಡಿದರು. ಇವತ್ತಿಗೂ ಬಳಕೆಯಲ್ಲಿದೆ. ನಮ್ಮ ಮಾತಲ್ಲಿ ಹೇಳುವುದಾದರೆ:

ಹೊಟ್ಟೆ ತುಂಬಿ ಹಿಂಸೆ ಆಗುತ್ತದೆ ಅಂತ ಬೇಕೆಂದೇ ವಾಂತಿ ಮಾಡಿಕೊಳ್ಳುತ್ತೀಯಾ? ಎಷ್ಟು ತಿನ್ನುತ್ತೀನಿ ಅನ್ನೋದರ ಮೇಲೆ ಹಿಡಿತ ತಪ್ಪಿದೆ ಅನ್ನೋ ಚಿಂತೆ ಇದೆಯಾ? ಮೂರು ತಿಂಗಳಲ್ಲಿ ಆರು ಕೆಜಿಗಿಂತ ಜಾಸ್ತಿ ಇಳಿದಿದ್ದೀಯಾ? ಬೇರೆಯವರು ಸಣ್ಣ ಅಂದರೂ ನೀನು ದಪ್ಪ ಅನ್ನಿಸುತ್ತಾ? ಊಟದ ಯೋಚನೆಯೇ ಬದುಕನ್ನು ಆಳುತ್ತಿದೆ ಅನ್ನಿಸುತ್ತಾ?

ಎರಡಕ್ಕೆ ‘ಹೌದು’ ಬಂದರೆ ಡಾಕ್ಟರನ್ನು ನೋಡಬೇಕು. ಆದರೆ ಇದನ್ನು ಪೊಲೀಸ್ ವಿಚಾರಣೆಯಂತೆ ಕೇಳಬೇಡಿ. ಎಲ್ಲಕ್ಕೂ ‘ಇಲ್ಲ’ ಬಂದರೆ ಏನೂ ಇಲ್ಲ ಅಂತಲೂ ಅಲ್ಲ. ಈ ಲೇಖನ ಓದುತ್ತಿರುವವರು ನೀವೇ ಆಗಿದ್ದು, ಪ್ರಶ್ನೆಗಳು ನಿಮ್ಮ ಬಗ್ಗೆಯೇ ಅನ್ನಿಸಿದರೆ ನೇರ 9ನೇ ಹಂತಕ್ಕೆ ಹೋಗಿ.

8. ಮಾತು ಎತ್ತುವುದು

ಊಟದ ಮೇಜಿನಲ್ಲಿ ಬೇಡ. ನೆಂಟರ ಮುಂದೆ ಬೇಡವೇ ಬೇಡ. ಸ್ಕೂಟರ್‌ನಲ್ಲಿ ಹೋಗುವಾಗ, ಬಟ್ಟೆ ಮಡಿಸುವಾಗ, ಮುಖಕ್ಕೆ ಮುಖ ಕೊಡದೇ ಇರುವ ಹೊತ್ತು ಒಳ್ಳೆಯದು. ನೋಡಿದ್ದನ್ನು ಹೇಳಿ, ತೀರ್ಪು ಹೇಳಬೇಡಿ.

"ಪುಟ್ಟಿ, ಊಟ ಆದ ಮೇಲೆ ನೀನು ಒಬ್ಬಳೇ ಹೋಗಿ ಬಾಗಿಲು ಹಾಕ್ಕೊಳ್ಳೋದು ನೋಡ್ತಾ ಇದೀನಿ. ಬೈಯಲ್ಲ. ನಂಗೆ ಭಯ ಆಗ್ತಿದೆ, ಅಷ್ಟೇ. ಡಾಕ್ಟರ ಹತ್ರ ಇಬ್ಬರೂ ಹೋಗಿ ಬರೋಣ್ವಾ?"

ಇಷ್ಟು ಸಾಕು. ಮೊದಲ ಸಲ "ಏನಿಲ್ಲಮ್ಮಾ, ನಿಂದು ಯಾವಾಗ್ಲೂ ಇದೇ" ಅಂತ ಸಿಡುಕು ಬರುತ್ತದೆ. ಬರಲಿ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ದನಿಯಲ್ಲಿ ಹೇಳಿ. "ನೀನು ತಿನ್ನದಿದ್ರೆ ನಾನೂ ತಿನ್ನಲ್ಲ" ಅಂತ ಆಣೆ ಹಾಕುವುದು, ಬಾಯಿಗೆ ತುರುಕುವುದು, ದೃಷ್ಟಿ ತೆಗೆಸಿ ಕೈ ತೊಳೆದುಕೊಳ್ಳುವುದು, "ಅನ್ನಕ್ಕೆ ಗತಿ ಇಲ್ಲದವರು ಎಷ್ಟು ಜನ ಇದ್ದಾರೆ ಗೊತ್ತಾ" ಎಂಬ ಭಾಷಣ, ಇವು ಯಾವುವೂ ಕೆಲಸ ಮಾಡುವುದಿಲ್ಲ. ಬೇಕೆಂದು ಮಾಡುತ್ತಿದ್ದರೆ ತಾನೇ ಭಾಷಣಕ್ಕೆ ನಿಲ್ಲಿಸುವುದು?

ರೂಮ್‌ಮೇಟ್‌ಗಳಿಗೆ ಒಂದು ಮಾತು: ಗೆಳತಿ "ಯಾರಿಗೂ ಹೇಳ್ಬೇಡ ಕಣೇ" ಅಂದರೂ, ತಲೆಸುತ್ತಿ ಬಿದ್ದರೆ ಅಥವಾ ಸಾಯುವ ಮಾತಾಡಿದರೆ ವಾರ್ಡನ್‌ಗೋ ಅವರ ಅಕ್ಕನಿಗೋ ಹೇಳಿ. ಆಮೇಲೆ ಬೈದರೆ ಬೈಸಿಕೊಳ್ಳಿ.

9. ಡಾಕ್ಟರ ಬಳಿ

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು: ಪ್ರಜ್ಞೆ ತಪ್ಪುವುದು, ಎದೆನೋವು ಅಥವಾ ಎದೆಬಡಿತ ಏರುಪೇರು, ಎಚ್ಚರವಿರುವಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ, ವಾಂತಿಯಲ್ಲಿ ರಕ್ತ, ನೀರನ್ನೂ ಬಿಟ್ಟಿರುವುದು, ಸಾಯುವ ಮಾತು. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಷಿಯಂ ಇಳಿದು ಹೃದಯದ ಲಯ ತಪ್ಪುತ್ತದೆ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ.

ಇಲ್ಲೊಂದು ದೊಡ್ಡ ತಪ್ಪು ಆಗುತ್ತದೆ. ವಾರಗಟ್ಟಲೆ ಏನೂ ತಿನ್ನದವರನ್ನು ಮನೆಯಲ್ಲೇ ಒಂದೇ ದಿನದಲ್ಲಿ ‘ಮೇಯಿಸಲು’ ಹೋಗಬೇಡಿ. ರೀಫೀಡಿಂಗ್ ಸಿಂಡ್ರೋಮ್ ಅಂತ ಇದೆ. ಬಹಳ ದಿನ ಹಸಿದ ಮೈಗೆ ದಿಢೀರನೆ ಊಟ ಬಿದ್ದಾಗ ರಕ್ತದಲ್ಲಿನ ಫಾಸ್ಫೇಟ್ ಮುಂತಾದ ಲವಣಗಳು ಕುಸಿದು ಪ್ರಾಣಕ್ಕೇ ಬರುತ್ತದೆ. ಅಂಥವರಿಗೆ ಊಟ ಏರಿಸುವುದು ವೈದ್ಯರ ಕಣ್ಣೆದುರೇ ಆಗಬೇಕು.

ತುರ್ತು ಇಲ್ಲದಿದ್ದರೆ ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರ್. ನಾಡಿ, ಮಲಗಿದಾಗ ಮತ್ತು ನಿಂತಾಗಿನ ಬಿಪಿ, ಇಸಿಜಿ, ರಕ್ತದ ಲವಣಗಳು, ಥೈರಾಯ್ಡ್ ನೋಡಲು ಕೇಳಿ. ಥೈರಾಯ್ಡ್, ಕ್ಷಯ, ಸಕ್ಕರೆ ಕಾಯಿಲೆಯೂ ತೂಕ ಇಳಿಸುತ್ತವೆ. ಅವು ಇಲ್ಲ ಅಂತ ಖಚಿತವಾಗಬೇಕು. ಆಮೇಲೆ ಮನೋವೈದ್ಯರು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ದೂರದವರು ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿ. ಇಡೀ ದೇಶಕ್ಕೆ ಹರಡಿದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿಯೇ. ಎಲ್ಲಿಗೆ ಹೋಗುವುದು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಚಿಕಿತ್ಸೆ ಅಂದರೆ ಬರೀ ಮಾತ್ರೆ ಅಲ್ಲ. ಹದಿಹರೆಯದವರ ಅನೊರೆಕ್ಸಿಯಾಕ್ಕೆ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕುಟುಂಬ ಚಿಕಿತ್ಸೆಯಲ್ಲಿ ಊಟದ ಜವಾಬ್ದಾರಿಯನ್ನು ಕೆಲವು ಕಾಲ ಅಪ್ಪ ಅಮ್ಮನೇ ವಹಿಸಿಕೊಳ್ಳುತ್ತಾರೆ. ಬುಲಿಮಿಯಾ, ಬಿಂಜ್ ಈಟಿಂಗ್‌ಗೆ ಸಿಬಿಟಿ, ಅಂದರೆ ಯೋಚನೆ ಮತ್ತು ಅಭ್ಯಾಸಗಳನ್ನು ಹಂತಹಂತವಾಗಿ ಬದಲಿಸುವ ಮಾತಿನ ಚಿಕಿತ್ಸೆ, ಒಳ್ಳೆಯ ಕೆಲಸ ಮಾಡುತ್ತದೆ. ಖರ್ಚಿನ ವಿಷಯ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮೈಯ ಕಾಯಿಲೆಗಳಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ನಿಮ್ಮ ಪಾಲಿಸಿಯಲ್ಲಿ ಏನಿದೆ ಅಂತ ಆಸ್ಪತ್ರೆಗೆ ಸೇರಿಸುವ ಮುಂಚೆಯೇ ವಿಚಾರಿಸಿಕೊಳ್ಳಿ.

ಹೋಗುವಾಗ ಆ ನೋಟ್‌ಬುಕ್ ಮರೆಯಬೇಡಿ. ಯಾವ ತಿಂಗಳಿಂದ ಊಟ ಬದಲಾಯಿತು, ಕೊನೆಯ ಮುಟ್ಟು ಯಾವಾಗ, ಯಾವ ಮಾತ್ರೆ ಬಳಕೆಯಲ್ಲಿದೆ, ಎಷ್ಟು ಸಲ ತಲೆಸುತ್ತು ಬಂತು ಅಂತ ಒಂದು ಪುಟ ಬರೆದುಕೊಂಡು ಹೋಗಿ. ಮಗಳಿಗೆ ಡಾಕ್ಟರ ಜೊತೆ ಒಬ್ಬಳೇ ಮಾತಾಡಲು ಹತ್ತು ನಿಮಿಷ ಬಿಟ್ಟುಕೊಟ್ಟು ನೀವು ಹೊರಗೆ ಕೂತಿರಿ. ಮತ್ತೆ, ರಿಪೋರ್ಟ್ ಎಲ್ಲ ನಾರ್ಮಲ್ ಬಂದರೆ ಹಾಗೇ ಎದ್ದು ಬರಬೇಡಿ. ಈ ಕಾಯಿಲೆ ಜೋರಾಗಿದ್ದಾಗಲೂ ರಕ್ತ ಪರೀಕ್ಷೆ ಸರಿಯಾಗಿ ಬರುವುದುಂಟು. "ರಿಪೋರ್ಟ್ ಸರಿ ಇದೆ ಡಾಕ್ಟ್ರೇ, ಆದ್ರೆ ಇವಳು ಊಟ ಮಾಡ್ತಿಲ್ಲ. ಮುಂದೆ ಯಾರನ್ನ ನೋಡ್ಬೇಕು?" ಅಂತ ಕೇಳಿ, ಹೆಸರು ಬರೆಸಿಕೊಂಡೇ ಏಳಿ.